ಪರ್ಜ್ ವಾಲ್ವ್ ಹೊಸದು ಹಾಕಿದರೂ ದೀಪ ಆರದಿದ್ದರೆ: ಇಂಧನ ಆವಿ ವ್ಯವಸ್ಥೆಯ ವಿದ್ಯುತ್ ದೋಷ ಪತ್ತೆಗೆ ಸಮಗ್ರ ಮಾರ್ಗದರ್ಶಿ

ಪೆಟ್ರೋಲ್ ಆವಿಯನ್ನು ಎಂಜಿನ್ ಕಡೆಗೆ ಬಿಡುವ ಪರ್ಜ್ ವಾಲ್ವ್ ಬದಲಾಯಿಸಿದ್ದಾಗಿದೆ, ಟ್ಯಾಂಕಿನ ಮುಚ್ಚಳವನ್ನೂ ಹೊಸದು ತಂದು ಹಾಕಿದ್ದಾಗಿದೆ, ಆದರೂ ಚೆಕ್ ಎಂಜಿನ್ ದೀಪ ಮತ್ತೆ ಹೊತ್ತಿಕೊಂಡಿದೆ ಎಂಬ ದೂರು ಓದುಗರಿಂದ ಬರುತ್ತಲೇ ಇದೆ. ವಿಚಾರಿಸಿದರೆ ಸ್ಕ್ಯಾನರ್ ತೋರಿಸಿರುವ ದೋಷದ ಕೋಡ್ ಸಾಮಾನ್ಯವಾಗಿ ಪಿ0443 ಅಥವಾ ಅದರ ಆಸುಪಾಸಿನ ಸಂಖ್ಯೆ. ಈ ಕೋಡ್‌ನ ವಿವರಣೆಯಲ್ಲಿ ಪರ್ಜ್ ವಾಲ್ವ್ ಎಂಬ ಹೆಸರು ಕಂಡ ಕೂಡಲೇ ಬಹಳ ಮಂದಿ ಅದೇ ಸಾಲಿನಲ್ಲಿರುವ ಸರ್ಕ್ಯೂಟ್ ಎಂಬ ಮಾತನ್ನು ಓದದೆ ಬಿಡಿಭಾಗದ ಅಂಗಡಿಗೆ ಹೊರಡುತ್ತಾರೆ. ವಾಲ್ವ್ ಕೆಟ್ಟಿದೆ ಎಂದು ಕೋಡ್ ಹೇಳುತ್ತಿಲ್ಲ. ಆ ವಾಲ್ವಿನ ಸರ್ಕ್ಯೂಟ್‌ನಲ್ಲಿ ತಾನು ನಿರೀಕ್ಷಿಸಿದ ವೋಲ್ಟೇಜ್ ಕಾಣಲಿಲ್ಲ ಎಂದು ಎಂಜಿನ್ ನಿಯಂತ್ರಣ ಘಟಕ, ಅಂದರೆ ಇಸಿಎಂ, ವರದಿ ಮಾಡುತ್ತಿದೆ ಅಷ್ಟೆ. ಫ್ಯೂಸ್, ಪೂರೈಕೆ ತಂತಿ, ಕನೆಕ್ಟರ್, ವಾಲ್ವಿನ ಕಾಯಿಲ್ (ತಂತಿಯ ಸುರುಳಿ), ನಿಯಂತ್ರಣ ತಂತಿ, ಇಸಿಎಂ ಒಳಗಿನ ಡ್ರೈವರ್ (ವಾಲ್ವನ್ನು ಆನ್, ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್) ಇವುಗಳಲ್ಲಿ ಯಾವುದು ಕೆಟ್ಟರೂ ಅದೇ ಕೋಡ್ ಬರುತ್ತದೆ. ಆದ್ದರಿಂದ ಇಲ್ಲಿ ಮುಖ್ಯವಾದದ್ದು ಪರೀಕ್ಷೆಗಳಿಗಿಂತ ಅವುಗಳ ಕ್ರಮ.

## ಮೊದಲೇ ತಿಳಿದಿರಬೇಕಾದಷ್ಟು

ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿಯನ್ನು ಇದ್ದಿಲು ತುಂಬಿದ ಕ್ಯಾನಿಸ್ಟರ್ ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದುಕೊಂಡು ಆ ಆವಿಯನ್ನು ಇನ್‌ಟೇಕ್ ಮ್ಯಾನಿಫೋಲ್ಡ್ ಕಡೆಗೆ ಬಿಡುತ್ತದೆ. ಕ್ಯಾನಿಸ್ಟರಿಗೆ ಹೊರಗಿನ ಗಾಳಿ ಬರುವುದು ವೆಂಟ್ ವಾಲ್ವ್ ಮೂಲಕ; ಸೋರಿಕೆಯ ಸ್ವಯಂಪರೀಕ್ಷೆ ನಡೆಯುವಾಗ ಅದು ಮುಚ್ಚಿಕೊಳ್ಳುತ್ತದೆ ಮತ್ತು ಟ್ಯಾಂಕ್ ಒತ್ತಡದ ಸೆನ್ಸರ್ ಒಳಗಿನ ಒತ್ತಡ ಹೇಗೆ ಬದಲಾಗುತ್ತಿದೆ ಎಂಬುದನ್ನು ಇಸಿಎಂಗೆ ತಿಳಿಸುತ್ತದೆ. ಇಂಥ ಸ್ವಯಂಪರೀಕ್ಷೆ ಮಾಡದ ಕಾರುಗಳಲ್ಲಿ ಪರ್ಜ್ ವಾಲ್ವ್ ಒಂದೇ ಇದ್ದು, ಉಳಿದ ಎರಡು ಇಲ್ಲದಿರಬಹುದು.

ಸಾಮಾನ್ಯ ವಿನ್ಯಾಸದಲ್ಲಿ ವಿದ್ಯುತ್ ಇಲ್ಲದಾಗ ಪರ್ಜ್ ವಾಲ್ವ್ ಮುಚ್ಚಿರುತ್ತದೆ, ವೆಂಟ್ ವಾಲ್ವ್ ತೆರೆದಿರುತ್ತದೆ. ಇದನ್ನು ನೆನಪಿನಲ್ಲಿ ಇಟ್ಟುಕೊಂಡರೆ ಲಕ್ಷಣಗಳು ಅರ್ಥವಾಗುತ್ತವೆ. ಪರ್ಜ್ ವಾಲ್ವಿನ ತಂತಿ ಎಲ್ಲೋ ತುಂಡಾಗಿದ್ದರೆ ವಾಲ್ವ್ ಮುಚ್ಚಿಯೇ ಇರುವುದರಿಂದ ಓಡಿಸುವವರಿಗೆ ದೀಪದ ಹೊರತು ಬೇರೇನೂ ಗೊತ್ತಾಗುವುದಿಲ್ಲ. ಅದೇ ತಂತಿ ಬಾಡಿಗೆ ತಾಗಿ ಶಾರ್ಟ್ ಆಗಿದ್ದರೆ ಕೀ ತಿರುಗಿಸಿದಾಗಿನಿಂದಲೂ ವಾಲ್ವ್ ತೆರೆದಿರುತ್ತದೆ. ಪೆಟ್ರೋಲ್ ತುಂಬಿಸಿದ ಮೇಲೆ ಎಂಜಿನ್ ಸ್ಟಾರ್ಟ್ ಆಗಲು ತಡಮಾಡುವುದು, ಐಡ್ಲಿಂಗ್ ಏರುಪೇರಾಗುವುದು ಆಗ ಕಾಣುತ್ತದೆ. ವೆಂಟ್ ವಾಲ್ವಿನ ನಿಯಂತ್ರಣ ತಂತಿ ಶಾರ್ಟ್ ಆದರೆ ಟ್ಯಾಂಕಿಗೆ ಉಸಿರಾಟವೇ ಇರುವುದಿಲ್ಲ; ಕೀ ಆನ್ ಇಟ್ಟು ಪೆಟ್ರೋಲ್ ತುಂಬಿಸಿದರೆ ಪಂಪಿನ ನಳಿಕೆ ಮತ್ತೆ ಮತ್ತೆ ತಾನಾಗಿ ನಿಂತುಬಿಡುತ್ತದೆ.

ಪರ್ಜ್ ಮತ್ತು ವೆಂಟ್ ಎರಡೂ ಸಾಮಾನ್ಯವಾಗಿ, ವಿದ್ಯುತ್ ಹರಿದಾಗ ಕಾಯಿಲ್ ಅಯಸ್ಕಾಂತವಾಗಿ ವಾಲ್ವನ್ನು ಚಲಿಸುವಂತೆ ಮಾಡುವ, ಎರಡು ತಂತಿಯ ಸೊಲೆನಾಯ್ಡ್‌ಗಳು. ಒಂದು ತಂತಿಗೆ ಕೀ ಆನ್ ಆದಾಗ ಫ್ಯೂಸ್ ಮೂಲಕ 12 ವೋಲ್ಟ್ ಬರುತ್ತದೆ. ಇನ್ನೊಂದು ತಂತಿ ಇಸಿಎಂಗೆ ಹೋಗುತ್ತದೆ. ವಾಲ್ವ್ ಕೆಲಸ ಮಾಡಬೇಕಾದಾಗ ಇಸಿಎಂ ಆ ತಂತಿಯನ್ನು ಒಳಗಿನಿಂದ ಅರ್ಥ್‌ಗೆ ಜೋಡಿಸುತ್ತದೆ. ಡ್ರೈವರ್ ಆಫ್ ಇರುವಾಗ ಈ ತಂತಿಯಲ್ಲಿ ಬ್ಯಾಟರಿ ವೋಲ್ಟೇಜ್, ಆನ್ ಆದಾಗ ಸೊನ್ನೆಗೆ ಸಮೀಪದ ವೋಲ್ಟೇಜ್ ಇರಬೇಕು ಎಂಬುದು ಇಸಿಎಂನ ಲೆಕ್ಕ. ಲೆಕ್ಕ ತಪ್ಪಿದರೆ ಕೋಡ್. ಇಸಿಎಂ ಕಡೆಯಿಂದಲೇ 12 ವೋಲ್ಟ್ ಕಳಿಸುವ ವಿನ್ಯಾಸವೂ ಅಲ್ಲಲ್ಲಿ ಉಂಟು, ಹಾಗಾಗಿ ನಿಮ್ಮ ಕಾರಿನ ವೈರಿಂಗ್ ನಕ್ಷೆಯನ್ನು ನೋಡದೆ ಮುಂದುವರಿಯಬೇಡಿ.

## ಬೇಕಾಗುವ ಸಲಕರಣೆಗಳು

ಡಿಜಿಟಲ್ ಮಲ್ಟಿಮೀಟರ್ ಬೇಕು. ಅದರ ಒಳಪ್ರತಿರೋಧ 10 ಮೆಗಾಓಮ್ ಇರಲಿ, ಕನಿಷ್ಠ ಮತ್ತು ಗರಿಷ್ಠ ಅಳತೆಯನ್ನು ದಾಖಲಿಸುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು. ಕೋಡ್ ಓದುವುದಷ್ಟೇ ಅಲ್ಲದೆ ವಾಲ್ವಿಗೆ ಆಜ್ಞೆ ಕೊಡಬಲ್ಲ ಸ್ಕ್ಯಾನರ್ ಇದ್ದರೆ ಅರ್ಧ ಕೆಲಸ ಹಗುರವಾಗುತ್ತದೆ. ಜೊತೆಗೆ 12 ವೋಲ್ಟಿನ 3 ವ್ಯಾಟ್ ಬಲ್ಬಿರುವ ಟೆಸ್ಟ್ ಲ್ಯಾಂಪ್, ಕನೆಕ್ಟರಿನ ಹಿಂಬದಿಯಿಂದ ತೂರಿಸುವ ತೆಳುವಾದ ಬ್ಯಾಕ್‌ಪ್ರೋಬ್ ಪಿನ್‌ಗಳು, ಫ್ಯೂಸ್ ಇರುವ ಜಂಪರ್ ವೈರ್, ನಿಮ್ಮ ಮಾದರಿಯ ವೈರಿಂಗ್ ನಕ್ಷೆ ಇಷ್ಟು ಸಾಕು. ಆಸಿಲೋಸ್ಕೋಪ್ ಇದ್ದರೆ ಬಳಸಿ, ಇಲ್ಲವೆಂದು ಕೆಲಸ ನಿಲ್ಲುವುದಿಲ್ಲ. ಹೊಗೆ ಹಾಯಿಸಿ ಸೋರಿಕೆ ಹುಡುಕುವ ಯಂತ್ರವನ್ನು ಮಾತ್ರ ಈ ಕೆಲಸಕ್ಕೆ ತರಬೇಡಿ. ಅದು ಪೈಪಿನ ದೋಷಕ್ಕೆ ಸಂಬಂಧಿಸಿದ್ದು, ತಂತಿಯದ್ದಲ್ಲ.

## ಕೈ ಹಾಕುವ ಮುನ್ನ

ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ, ವಿಶೇಷವಾಗಿ ಸರ್ವಿಸ್ ಪಿಟ್‌ನಂಥ ತಗ್ಗಿನಲ್ಲಿ, ಶೇಖರವಾಗುತ್ತದೆ. ಗಾಳಿಯಾಡುವ ಜಾಗದಲ್ಲಿ, ಎಂಜಿನ್ ತಣ್ಣಗಿರುವಾಗ ಕೆಲಸ ಮಾಡಿ. ಪೆಟ್ರೋಲ್ ಬೆಂಕಿಗೆ ತಕ್ಕ ಅಗ್ನಿಶಾಮಕ ಕೈಗೆಟುಕುವಲ್ಲಿ ಇರಲಿ. ಟ್ಯಾಂಕ್ ಮತ್ತು ಕ್ಯಾನಿಸ್ಟರ್ ಹತ್ತಿರ ಕಿಡಿ ಹಾರುವಂಥ ಪರೀಕ್ಷೆ ಬೇಡವೇ ಬೇಡ: ಅಲ್ಲಿ ಜಂಪರ್ ವೈರ್‌ನಿಂದ ನೇರ 12 ವೋಲ್ಟ್ ಕೊಟ್ಟು ನೋಡುವುದೂ ಬೇಡ, ಬೆಸುಗೆ ಕಡ್ಡಿಯೂ ಬೇಡ. ಕಾರಿನ ಕೆಳಗೆ ಹೋಗುವುದಾದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಪೆಟ್ರೋಲ್ ವಾಸನೆ ದಟ್ಟವಾಗಿ ಬರುತ್ತಿದ್ದರೆ ವಿದ್ಯುತ್ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಮೊದಲು ಸೋರಿಕೆಯನ್ನು ಸರಿಪಡಿಸಬೇಕು. ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ಹೊದಿಕೆಯ ಯಾವ ಕೇಬಲ್ಲನ್ನೂ ಮುಟ್ಟುವಂತಿಲ್ಲ.

## ಹಂತ 1: ಕೋಡ್ ಬರೆದುಕೊಳ್ಳಿ, ಅಳಿಸಬೇಡಿ

ಮೊದಲ ತಪ್ಪು ಆಗುವುದು ಇಲ್ಲಿಯೇ. ಕೋಡ್ ಕಂಡ ತಕ್ಷಣ ಅಳಿಸಿದರೆ ಅದರ ಜೊತೆಗೆ ಫ್ರೀಜ್ ಫ್ರೇಮ್ ಮಾಹಿತಿಯೂ ಹೋಗಿಬಿಡುತ್ತದೆ. ಕೋಡ್ ದಾಖಲಾದ ಗಳಿಗೆಯಲ್ಲಿ ಕೂಲೆಂಟ್ ಎಷ್ಟು ಬಿಸಿಯಿತ್ತು, ಕಾರು ನಿಂತಿತ್ತೋ ಓಡುತ್ತಿತ್ತೋ, ಎಂಜಿನ್ ವೇಗ ಎಷ್ಟಿತ್ತು ಎಂಬ ಈ ಮಾಹಿತಿ ಬಂದು ಹೋಗುವ ದೋಷಗಳಲ್ಲಿ ನಿಮಗಿರುವ ಒಂದೇ ಸುಳಿವು. ಎಲ್ಲವನ್ನೂ ಬರೆದುಕೊಳ್ಳಿ ಅಥವಾ ಪರದೆಯ ಚಿತ್ರ ತೆಗೆದಿಡಿ.

ಬಳಿಕ ಕೋಡ್ ಯಾವ ಬಗೆಯದು ಎಂದು ನಿರ್ಧರಿಸಿ. ಪಿ0443, ಪಿ0444, ಪಿ0445, ಪಿ0458, ಪಿ0459 ಪರ್ಜ್ ವಾಲ್ವಿನ ಸರ್ಕ್ಯೂಟಿಗೆ ಸೇರಿದವು. ಇವುಗಳಲ್ಲಿ ಪಿ0444 ಓಪನ್ (ಸರ್ಕ್ಯೂಟ್ ಎಲ್ಲೋ ತುಂಡಾಗಿದೆ) ಎಂದೂ, ಪಿ0445 ಶಾರ್ಟ್ ಎಂದೂ, ಪಿ0458 ವೋಲ್ಟೇಜ್ ಕಡಿಮೆ ಎಂದೂ, ಪಿ0459 ಹೆಚ್ಚು ಎಂದೂ ಹೇಳುತ್ತವೆ. ಪಿ0447, ಪಿ0448, ಪಿ0449, ಪಿ0498, ಪಿ0499 ವೆಂಟ್ ವಾಲ್ವಿನವು. ಪಿ0452 ಮತ್ತು ಪಿ0453 ಟ್ಯಾಂಕ್ ಒತ್ತಡ ಸೆನ್ಸರ್ ಸಂಕೇತ ಅತಿ ಕಡಿಮೆ ಅಥವಾ ಅತಿ ಹೆಚ್ಚು ಇರುವುದನ್ನು ತೋರಿಸುತ್ತವೆ. ಪಿ0446 ಸ್ವಲ್ಪ ತೊಡಕಿನದು, ಏಕೆಂದರೆ ಕೆಲವು ತಯಾರಕರು ಅದನ್ನು ವೆಂಟ್ ದಾರಿ ಕಟ್ಟಿಕೊಂಡಿದ್ದಕ್ಕೂ ಬಳಸುತ್ತಾರೆ. ಸರ್ವಿಸ್ ಮ್ಯಾನುಯಲ್ ಹೇಳಿದ್ದೇ ಅಲ್ಲಿ ಅಂತಿಮ.

ಪಿ0442, ಪಿ0455, ಪಿ0456, ಪಿ0457 ಸೋರಿಕೆಯ ಕೋಡ್‌ಗಳು, ಪಿ0441 ಆವಿಯ ಹರಿವಿನದು. ಇವಷ್ಟೇ ಬಂದಿದ್ದರೆ ಈ ಮಾರ್ಗದರ್ಶಿ ನಿಮಗಲ್ಲ. ಹಾಗೆಯೇ, ಟ್ಯಾಂಕಿನ ಮುಚ್ಚಳ ಸಡಿಲವಾಗಿದ್ದರಿಂದ ಪಿ0443 ಬರಲು ಸಾಧ್ಯವೇ ಇಲ್ಲ. ಮುಚ್ಚಳಕ್ಕೆ ತಂತಿಯಿಲ್ಲ.

## ಹಂತ 2: ಜೊತೆಗೆ ಬಂದ ಕೋಡ್‌ಗಳನ್ನು ನಕ್ಷೆಯೊಂದಿಗೆ ಹೋಲಿಸಿ

ಪರ್ಜ್ ವಾಲ್ವಿಗೆ ವಿದ್ಯುತ್ ಕೊಡುವ ಫ್ಯೂಸ್ ಹಲವು ಕಾರುಗಳಲ್ಲಿ ಆಕ್ಸಿಜನ್ ಸೆನ್ಸರಿನ ಹೀಟರ್, ವೆಂಟ್ ವಾಲ್ವ್, ಬೇರೆ ಸೊಲೆನಾಯ್ಡ್‌ಗಳಿಗೂ ವಿದ್ಯುತ್ ಕೊಡುತ್ತಿರುತ್ತದೆ. ಆದ್ದರಿಂದ ಪಿ0443 ಜೊತೆಗೆ ಸೆನ್ಸರ್ ಹೀಟರಿನ ಕೋಡ್ ಕೂಡ ಬಂದಿದ್ದರೆ ಎರಡು ಬಿಡಿಭಾಗ ಒಟ್ಟಿಗೆ ಕೆಟ್ಟವು ಎಂದುಕೊಳ್ಳುವ ಬದಲು, ನಕ್ಷೆಯಲ್ಲಿ ಅವೆರಡರ ತಂತಿ ಎಲ್ಲಿ ಕೂಡುತ್ತದೆ ಎಂದು ನೋಡಿ. ಆ ಫ್ಯೂಸ್, ಆ ರಿಲೇ ಅಥವಾ ಆ ಜೋಡಣೆಯೇ ಮೊದಲ ಅನುಮಾನಿ. ನಕ್ಷೆಯಿಂದ ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಪೂರೈಕೆ ತಂತಿಯ ಬಣ್ಣ ಮತ್ತು ಫ್ಯೂಸ್ ಸಂಖ್ಯೆ, ನಿಯಂತ್ರಣ ತಂತಿಯ ಬಣ್ಣ ಮತ್ತು ಇಸಿಎಂ ಪಿನ್ ಸಂಖ್ಯೆ, ಮಧ್ಯದಲ್ಲಿ ಬರುವ ಕನೆಕ್ಟರ್‌ಗಳು.

## ಹಂತ 3: ಕಣ್ಣಿಗೆ ಕಾಣುವುದನ್ನು ಮೊದಲು ನೋಡಿ

ಪರ್ಜ್ ವಾಲ್ವ್ ಬಹುಮಟ್ಟಿಗೆ ಎಂಜಿನ್ ಹತ್ತಿರ ಇರುವುದರಿಂದ ಅದರ ತಂತಿಗೆ ಬಿಸಿ, ಎಣ್ಣೆ ಮತ್ತು ಕಂಪನದ ಕಾಟ. ವೆಂಟ್ ವಾಲ್ವ್ ಕಾರಿನ ಹಿಂಭಾಗದಲ್ಲಿ ಕೆಳಗಡೆ ಇರುವುದರಿಂದ ನೀರು, ಕೆಸರು, ತುಕ್ಕಿನ ಕಾಟ. ತಂತಿಯ ಕಟ್ಟು ಬ್ರಾಕೆಟ್ ಅಂಚಿಗೆ ಉಜ್ಜುವ ಜಾಗ, ಕ್ಲಿಪ್ ಕಳಚಿ ಜೋತುಬಿದ್ದ ಜಾಗ, ಇಲಿ ಕಡಿದ ಗುರುತು ಇವನ್ನು ಹುಡುಕಿ. ಹಿಂದೆ ಯಾರಾದರೂ ಟೇಪ್ ಸುತ್ತಿದ ಜಾಗ ಸಿಕ್ಕಿದರೆ ಅದನ್ನು ಬಿಚ್ಚಿಯೇ ನೋಡಬೇಕು.

ಕೀ ಆಫ್ ಮಾಡಿ ಕನೆಕ್ಟರ್ ಬಿಡಿಸಿ. ಪಿನ್ ಮೇಲೆ ಹಸಿರು ಅಥವಾ ಬಿಳಿ ಪುಡಿ, ಕಪ್ಪಾದ ಪ್ಲಾಸ್ಟಿಕ್, ಹಿಂದಕ್ಕೆ ಸರಿದ ಪಿನ್, ಹರಿದ ರಬ್ಬರ್ ಸೀಲ್ ಕಂಡರೆ ದೋಷ ಬಹುಶಃ ಸಿಕ್ಕಂತೆಯೇ. ಹೆಣ್ಣು ಪಿನ್ನಿನೊಳಗೆ ಮೀಟರಿನ ದಪ್ಪ ಮೊನೆಯನ್ನು ತುರುಕಬೇಡಿ; ಅದು ಪಿನ್ನನ್ನು ಅಗಲಿಸಿ, ಇಲ್ಲದಿದ್ದ ಸಡಿಲ ಸಂಪರ್ಕವನ್ನು ನೀವೇ ಹುಟ್ಟಿಸಿದಂತಾಗುತ್ತದೆ. ಅದೇ ಅಳತೆಯ ಬಿಡಿ ಗಂಡು ಪಿನ್ ಒಂದನ್ನು ತೂರಿಸಿ ಎಳೆದು ನೋಡಿ. ಹಿಡಿತವಿಲ್ಲದೆ ಜಾರಿ ಬಂದರೆ ಆ ಪಿನ್ ಬದಲಾಗಬೇಕು. ತಂತಿಯ ಹೊದಿಕೆಗೆ ಸೂಜಿ ಚುಚ್ಚಿ ಅಳೆಯುವ ಅಭ್ಯಾಸವೂ ಕೆಟ್ಟದ್ದು, ಆ ತೂತಿನಿಂದ ನೀರು ಇಳಿದು ಮುಂದೊಂದು ದಿನ ತಂತಿ ಒಳಗೊಳಗೇ ಕೊಳೆಯುತ್ತದೆ.

## ಹಂತ 4: ಪೂರೈಕೆಯನ್ನು ಭಾರ ಹೊರಿಸಿ ಪರೀಕ್ಷಿಸಿ

ಫ್ಯೂಸನ್ನು ಕಣ್ಣಿನಿಂದ ನೋಡಿ ಸರಿಯಿದೆ ಎನ್ನಬೇಡಿ. ಕೀ ಆನ್ ಇಟ್ಟು ಫ್ಯೂಸಿನ ಬೆನ್ನಿನ ಎರಡೂ ಲೋಹದ ಚುಕ್ಕೆಗಳಲ್ಲಿ ವೋಲ್ಟೇಜ್ ಅಳೆಯಿರಿ. ಎರಡೂ ಕಡೆ ಬ್ಯಾಟರಿ ವೋಲ್ಟೇಜ್ ಇರಬೇಕು. ಒಂದೇ ಕಡೆ ಇದ್ದರೆ ಫ್ಯೂಸ್ ಸುಟ್ಟಿದೆ, ಎರಡೂ ಕಡೆ ಇಲ್ಲದಿದ್ದರೆ ಮುಖ್ಯ ರಿಲೇ ಅಥವಾ ಅದರ ಹಿಂದಿನ ಪೂರೈಕೆಯನ್ನು ನೋಡಬೇಕು. ಸುಟ್ಟ ಫ್ಯೂಸಿನ ಜಾಗಕ್ಕೆ ಹೆಚ್ಚು ಆಂಪಿಯರ್‌ನದನ್ನು ಹಾಕುವುದು ತಂತಿಯನ್ನೇ ಸುಡುವ ದಾರಿ. ಹೊಸ ಫ್ಯೂಸೂ ಸುಟ್ಟರೆ ಆ ಸಾಲಿನಲ್ಲಿ ಎಲ್ಲೋ ಶಾರ್ಟ್ ಇದೆ ಎಂದೇ ಅರ್ಥ.

ಈಗ ವಾಲ್ವಿನ ಕನೆಕ್ಟರಿಗೆ ಬನ್ನಿ. ಕನೆಕ್ಟರ್ ಬಿಡಿಸಿ, ಕೀ ಆನ್ ಮಾಡಿ, ಪೂರೈಕೆ ಪಿನ್ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ ಅಳೆದರೆ 12 ವೋಲ್ಟ್‌ಗೆ ಮೇಲ್ಪಟ್ಟು ಕಾಣಬೇಕು. ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು, ಮೋಸಹೋಗುವುದೂ ಇಲ್ಲಿಯೇ. ಮೀಟರಿನ ಒಳಪ್ರತಿರೋಧ 10 ಮೆಗಾಓಮ್ ಆದ್ದರಿಂದ ಅದರ ಮೂಲಕ ವಿದ್ಯುತ್ ಹರಿಯುವುದೇ ಇಲ್ಲ ಎನ್ನಬಹುದು. ತುಕ್ಕು ಹಿಡಿದ ಜೋಡಣೆಯಲ್ಲಿ 500 ಓಮ್ ಅಡ್ಡಿಯಿದ್ದರೂ ಮೀಟರ್ 12 ವೋಲ್ಟನ್ನೇ ತೋರಿಸುತ್ತದೆ. ಅದೇ ಜಾಗಕ್ಕೆ 3 ವ್ಯಾಟ್ ಬಲ್ಬನ್ನು ಜೋಡಿಸಿದರೆ ಅದು ಉರಿಯುವುದಿಲ್ಲ. ಬಲ್ಬ್ ಪೂರ್ಣ ಬೆಳಕಿನಿಂದ ಉರಿಯಬೇಕು, ಉರಿಯುತ್ತಿರುವಾಗಲೇ ಮೀಟರಿನಲ್ಲಿ ವೋಲ್ಟೇಜ್ ಬ್ಯಾಟರಿಗಿಂತ ಸುಮಾರು 0.3 ವೋಲ್ಟ್‌ಗಿಂತ ಹೆಚ್ಚು ಕುಸಿಯಬಾರದು.

ಕುಸಿತ ಹೆಚ್ಚಿದ್ದರೆ ಬಲ್ಬನ್ನು ಹಾಗೆಯೇ ಉರಿಯಲು ಬಿಟ್ಟು, ಮೀಟರಿನ ಒಂದು ಮೊನೆಯನ್ನು ಬ್ಯಾಟರಿ ಪಾಸಿಟಿವ್‌ನಲ್ಲಿ ಇಟ್ಟು, ಇನ್ನೊಂದನ್ನು ಪೂರೈಕೆ ತಂತಿಯ ಉದ್ದಕ್ಕೂ ಪ್ರತಿ ಕನೆಕ್ಟರಿನಲ್ಲಿ ಇಡುತ್ತ ಹೋಗಿ. ಯಾವ ಎರಡು ಬಿಂದುಗಳ ನಡುವೆ ಅಂಕಿ ಒಮ್ಮೆಲೇ ಏರುತ್ತದೆಯೋ ದೋಷ ಅವುಗಳ ನಡುವೆಯೇ ಇದೆ. ವೆಂಟ್ ವಾಲ್ವಿನ ಬಳಿ ಬಲ್ಬಿನ ಪರೀಕ್ಷೆ ಮಾಡುವುದಾದರೆ ಮೊದಲು ಜೋಡಣೆ ಮುಗಿಸಿ ಆಮೇಲೆ ಕೀ ಆನ್ ಮಾಡಿ, ಬಿಡಿಸುವಾಗ ಮೊದಲು ಕೀ ಆಫ್ ಮಾಡಿ. ಆಗ ಟ್ಯಾಂಕಿನ ಹತ್ತಿರ ಕಿಡಿ ಏಳುವುದಿಲ್ಲ.

## ಹಂತ 5: ಕಾಯಿಲ್ ಪ್ರತಿರೋಧ

ಕೀ ಆಫ್, ಕನೆಕ್ಟರ್ ಬಿಡಿಸಿದ ಸ್ಥಿತಿಯಲ್ಲಿ ವಾಲ್ವಿನ ಎರಡು ಪಿನ್‌ಗಳ ನಡುವೆ ಓಮ್ ಅಳೆಯಿರಿ. ಪರ್ಜ್ ವಾಲ್ವ್‌ಗಳ ಕಾಯಿಲ್ ಅನೇಕ ಕಾರುಗಳಲ್ಲಿ 15ರಿಂದ 40 ಓಮ್ ನಡುವೆ ಇರುತ್ತದೆ, ಆದರೆ ನಿಮ್ಮ ಮಾದರಿಗೆ ಮ್ಯಾನುಯಲ್‌ನಲ್ಲಿ ಕೊಟ್ಟ ಅಂಕಿಯನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಬೇಕು. ಮೀಟರ್ ಅನಂತ ತೋರಿಸಿದರೆ ಕಾಯಿಲ್ ತುಂಡಾಗಿದೆ. ಎರಡು ಮೂರು ಓಮ್ ತೋರಿಸಿದರೆ ಕಾಯಿಲ್ ಒಳಗೆ ಶಾರ್ಟ್ ಆಗಿದೆ, ಮತ್ತು ಆಗ ಆತುರಪಡಬಾರದು: 30 ಓಮ್ ಕಾಯಿಲ್ ಎಳೆಯುವುದು 0.4 ಆಂಪಿಯರ್, 2 ಓಮ್ ಆದರೆ 6 ಆಂಪಿಯರ್. ಅಷ್ಟನ್ನು ಹೊರುವ ಶಕ್ತಿ ಇಸಿಎಂ ಡ್ರೈವರಿಗೆ ಇರುವುದಿಲ್ಲವಾದ್ದರಿಂದ ವಾಲ್ವ್ ಬದಲಾಯಿಸಿದ ಮೇಲೂ ಹಂತ 7ರ ಪರೀಕ್ಷೆಯನ್ನು ಮಾಡಲೇಬೇಕು. ಪ್ರತಿ ಪಿನ್ ಮತ್ತು ವಾಲ್ವಿನ ಲೋಹದ ಕವಚದ ನಡುವೆಯೂ ಒಮ್ಮೆ ಅಳೆಯಿರಿ, ಅಲ್ಲಿ ಸಂಪರ್ಕವೇ ಇರಬಾರದು.

ವಾಲ್ವಿಗೆ ನೇರವಾಗಿ 12 ವೋಲ್ಟ್ ಕೊಟ್ಟು ಟಕ್ ಸದ್ದು ಕೇಳಬೇಕೆನಿಸಿದರೆ ಅದನ್ನು ಕಾರಿನಿಂದ ಬಿಚ್ಚಿ, ಆವಿಯಿಂದ ದೂರ ಒಯ್ದು, ಫ್ಯೂಸ್ ಇರುವ ಜಂಪರ್‌ನಿಂದ ಒಂದೆರಡು ಸೆಕೆಂಡ್ ಮಾತ್ರ ಕೊಡಿ. ಸದ್ದು ಬಂದಿತೆಂದರೆ ಕಾಯಿಲ್ ಸರಿಯಿದೆ ಎಂದಷ್ಟೇ ಗೊತ್ತಾಗುತ್ತದೆ. ತಂತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

## ಹಂತ 6: ನಿಯಂತ್ರಣ ತಂತಿ, ನಿಜವಾದ ಗೊಂದಲದ ಜಾಗ

ವಾಲ್ವನ್ನು ಮತ್ತೆ ಜೋಡಿಸಿ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಬ್ಯಾಕ್‌ಪ್ರೋಬ್ ಪಿನ್ನನ್ನು ನಿಯಂತ್ರಣ ತಂತಿಯ ಹಿಂಬದಿಯಿಂದ ತೂರಿಸಿ, ಬ್ಯಾಟರಿ ನೆಗೆಟಿವ್‌ಗೆ ಹೋಲಿಸಿ ವೋಲ್ಟೇಜ್ ಅಳೆಯಿರಿ. ಈ ಒಂದು ಅಳತೆ ಇಡೀ ಸರ್ಕ್ಯೂಟಿನ ಅರ್ಧ ಕತೆಯನ್ನು ಹೇಳುತ್ತದೆ.

ಬ್ಯಾಟರಿ ವೋಲ್ಟೇಜಿನಷ್ಟೇ ಕಂಡರೆ ಪೂರೈಕೆ ಬರುತ್ತಿದೆ, ಕಾಯಿಲ್ ತುಂಡಾಗಿಲ್ಲ, ತಂತಿ ಅರ್ಥ್‌ಗೆ ತಾಗಿಲ್ಲ ಎಂಬ ಮೂರೂ ಒಟ್ಟಿಗೆ ಖಚಿತವಾಗುತ್ತವೆ. ಆದರೆ ಇಲ್ಲಿಂದ ಇಸಿಎಂವರೆಗಿನ ತಂತಿ ಮಧ್ಯದಲ್ಲಿ ತುಂಡಾಗಿದ್ದರೂ ಈ ಅಳತೆ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಅದೇ ವೋಲ್ಟೇಜ್ ಇಸಿಎಂ ಪಿನ್ನಿನಲ್ಲೂ ಇದೆಯೇ ಎಂದು ಬ್ಯಾಕ್‌ಪ್ರೋಬ್ ಮಾಡಿ ನೋಡಬೇಕು. ವಾಲ್ವ್ ಬಳಿ 12.5 ಇದ್ದು ಇಸಿಎಂ ಬಳಿ ಇಲ್ಲದಿದ್ದರೆ ನಡುವಿನ ತಂತಿ ಓಪನ್ ಆಗಿದೆ.

ಸೊನ್ನೆ ಕಂಡರೆ ಮೂರು ಸಾಧ್ಯತೆಗಳು: ಪೂರೈಕೆ ಇಲ್ಲ, ಕಾಯಿಲ್ ತುಂಡಾಗಿದೆ, ಇಲ್ಲವೇ ನಿಯಂತ್ರಣದ ಕಡೆ (ತಂತಿ ಅಥವಾ ಇಸಿಎಂ ಡ್ರೈವರ್) ಅರ್ಥ್‌ಗೆ ಶಾರ್ಟ್ ಆಗಿದೆ. ಮೊದಲ ಎರಡನ್ನು ಹಿಂದಿನ ಹಂತಗಳಲ್ಲಿ ಈಗಾಗಲೇ ತಳ್ಳಿಹಾಕಿದ್ದೀರಿ. ಕ್ರಮ ತಪ್ಪಿಸಬೇಡಿ ಎಂದು ಹೇಳಿದ್ದು ಇದಕ್ಕಾಗಿಯೇ. ಒಂದು ಉದಾಹರಣೆ ನೋಡಿ. ಪೂರೈಕೆ ಪಿನ್ನಿನಲ್ಲಿ 12.5 ವೋಲ್ಟ್, ಕಾಯಿಲ್ 28 ಓಮ್, ನಿಯಂತ್ರಣ ಪಿನ್ನಿನಲ್ಲಿ 0.0 ವೋಲ್ಟ್, ವಾಲ್ವ್ ಮುಟ್ಟಿದರೆ ಬೆಚ್ಚಗಿದೆ. ಕಾಯಿಲ್ ಮೂಲಕ ವಿದ್ಯುತ್ ಹರಿಯುತ್ತಲೇ ಇದೆ, ಯಾರೋ ಅದನ್ನು ಅರ್ಥ್ ಮಾಡುತ್ತಿದ್ದಾರೆ. ತಂತಿಯೋ ಇಸಿಎಂ ಡ್ರೈವರೋ ಎಂಬುದೇ ಪ್ರಶ್ನೆ. ಕೀ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಡಿಸಿ, ಕೆಲವು ನಿಮಿಷ ಕಾದು ಇಸಿಎಂ ಕನೆಕ್ಟರ್ ಮತ್ತು ವಾಲ್ವಿನ ಕನೆಕ್ಟರ್ ಎರಡನ್ನೂ ಬಿಡಿಸಿ. ಈಗ ಆ ತಂತಿ ಎರಡೂ ತುದಿಯಲ್ಲಿ ಒಂಟಿ. ಅದರಿಂದ ಬಾಡಿಗೆ ಓಮ್ ಅಳೆದಾಗ ಅನಂತ ಬಂದರೆ ತಂತಿ ನಿರ್ದೋಷಿ, ಡ್ರೈವರ್ ಅನುಮಾನಿ. ಕೆಲವೇ ಓಮ್ ಬಂದರೆ ತಂತಿ ಎಲ್ಲೋ ಉಜ್ಜಿ ಲೋಹಕ್ಕೆ ತಾಗಿದೆ; ಕಟ್ಟನ್ನು ಗೇಣು ಗೇಣು ಅಲುಗಾಡಿಸುತ್ತ ಹೋದರೆ ಅಂಕಿ ಬದಲಾಗುವ ಜಾಗದಲ್ಲಿ ಅದು ಸಿಗುತ್ತದೆ.

ಇನ್ನೊಂದು ಅಳತೆ ಓದುಗರನ್ನು ಬಹಳ ದಾರಿ ತಪ್ಪಿಸಿದೆ. ವಾಲ್ವಿನ ಕನೆಕ್ಟರ್ ಬಿಡಿಸಿ ನಿಯಂತ್ರಣ ತಂತಿಯಲ್ಲಿ ಅಳೆದಾಗ ಎರಡು, ಮೂರು ವೋಲ್ಟ್‌ನಂಥ ಅರೆಬರೆ ಅಂಕಿ ಕಾಣಬಹುದು. ಇದು ದೋಷವಲ್ಲ. ತಂತಿ ಓಪನ್ ಆಗಿದೆಯೇ ಎಂದು ತಿಳಿಯಲು ಅನೇಕ ಇಸಿಎಂಗಳು ತಾವೇ ಒಂದು ಸಣ್ಣ ವೋಲ್ಟೇಜನ್ನು ಆ ತಂತಿಗೆ ಹಾಕಿರುತ್ತವೆ. ಕನೆಕ್ಟರ್ ಬಿಡಿಸಿದ ಸ್ಥಿತಿಯಲ್ಲಿ ಪೂರ್ತಿ 12 ವೋಲ್ಟ್ ಕಂಡರೆ ಮಾತ್ರ, ಆ ತಂತಿ ಬೇರೊಂದು ಬ್ಯಾಟರಿ ತಂತಿಗೆ ತಾಗಿರಬಹುದೆಂದು ಅನುಮಾನಿಸಬೇಕು.

ಇಸಿಎಂ ಜೋಡಿಸಿರುವಾಗ ಅಥವಾ ಕೀ ಆನ್ ಇರುವಾಗ ಓಮ್ ಅಳೆಯಬೇಡಿ. ವಿದ್ಯುತ್ ಇರುವ ತಂತಿಯಲ್ಲಿ ಓಮ್ ಅಂಕಿಗೆ ಅರ್ಥವಿಲ್ಲ, ಮೀಟರೂ ಕೆಡಬಹುದು.

## ಹಂತ 7: ಇಸಿಎಂ ಆಜ್ಞೆ ಕೊಡುತ್ತಿದೆಯೇ

ವಾಲ್ವಿನ ಕನೆಕ್ಟರ್ ಬಿಡಿಸಿ, ಅದರ ಎರಡು ಪಿನ್‌ಗಳ ನಡುವೆ ವಾಲ್ವಿನ ಬದಲು 3 ವ್ಯಾಟ್ ಬಲ್ಬನ್ನು ಜೋಡಿಸಿ. ಅದಕ್ಕಿಂತ ದೊಡ್ಡ ಬಲ್ಬ್ ಬೇಡ, ಡ್ರೈವರಿಗೆ ಹೊರೆಯಾಗುತ್ತದೆ. ಸ್ಕ್ಯಾನರ್‌ನಿಂದ ಪರ್ಜ್ ವಾಲ್ವಿಗೆ ಶೇಕಡಾ 50ರ (ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್) ಆಜ್ಞೆ ಕೊಟ್ಟಾಗ ಬಲ್ಬ್ ಮಿನುಗಬೇಕು ಅಥವಾ ಮಂದವಾಗಿ ಉರಿಯಬೇಕು, ಆಜ್ಞೆ ನಿಲ್ಲಿಸಿದಾಗ ಆರಬೇಕು. ಹಾಗಾದರೆ ಪೂರೈಕೆ, ತಂತಿ, ಇಸಿಎಂ ಮೂರೂ ಸರಿಯಿವೆ. ಉಳಿದದ್ದು ವಾಲ್ವ್ ಅಥವಾ ಅದರ ಪಿನ್ನಿನ ಹಿಡಿತ. ಆಜ್ಞೆ ಇಲ್ಲದೆಯೂ ಬಲ್ಬ್ ಉರಿಯುತ್ತಲೇ ಇದ್ದರೆ ಶಾರ್ಟ್, ಎಂದೂ ಉರಿಯದಿದ್ದರೆ ಓಪನ್ ಅಥವಾ ಸತ್ತ ಡ್ರೈವರ್.

ಪರ್ಜ್ ವಾಲ್ವನ್ನು ಇಸಿಎಂ ಸೆಕೆಂಡಿಗೆ ಹಲವು ಬಾರಿ ಆನ್ ಮತ್ತು ಆಫ್ ಮಾಡುವುದರಿಂದ ಸಾಮಾನ್ಯ ಮೀಟರ್ ಸರಾಸರಿಯನ್ನು ಮಾತ್ರ ತೋರಿಸುತ್ತದೆ. ಶೇಕಡಾ 50ರ ಆಜ್ಞೆಯಲ್ಲಿ ನಿಯಂತ್ರಣ ತಂತಿಯಲ್ಲಿ ಸುಮಾರು 6 ವೋಲ್ಟ್ ಕಂಡರೆ ಅದನ್ನು ವೋಲ್ಟೇಜ್ ಕುಸಿತ ಎಂದುಕೊಳ್ಳಬೇಡಿ.

ಇಸಿಎಂ ಕೆಟ್ಟಿದೆ ಎಂಬ ತೀರ್ಪು ಕೊಡುವ ಮುನ್ನ ಅದರ ಸ್ವಂತ ಅರ್ಥ್ ತಂತಿಗಳನ್ನು ನೋಡಬೇಕು: ಎಂಜಿನ್ ಓಡುವಾಗ ಇಸಿಎಂ ಅರ್ಥ್ ಪಿನ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ 0.1 ವೋಲ್ಟ್‌ಗಿಂತ ಹೆಚ್ಚು ಇರಬಾರದು. ತಂತಿ ಮತ್ತು ಕಾಯಿಲ್ ನಿರ್ದೋಷಿ ಎಂದು ಸಾಬೀತಾಗದೆ ಹೊಸ ಇಸಿಎಂ ಹಾಕಿದರೆ, ಹಳೆಯದನ್ನು ಕೊಂದ ಶಾರ್ಟ್ ಹೊಸದನ್ನೂ ಕೊಲ್ಲುತ್ತದೆ.

## ಹಂತ 8: ಟ್ಯಾಂಕ್ ಒತ್ತಡ ಸೆನ್ಸರಿನ ಕೋಡ್ ಆಗಿದ್ದರೆ

ಪಿ0452 ಅಥವಾ ಪಿ0453 ಇದ್ದವರು ಹಂತ 3ರ ನಂತರ ನೇರವಾಗಿ ಇಲ್ಲಿಗೆ ಬರಬಹುದು. ಈ ಸೆನ್ಸರಿಗೆ ಸಾಮಾನ್ಯವಾಗಿ ಮೂರು ತಂತಿ: ಇಸಿಎಂ ಕೊಡುವ 5 ವೋಲ್ಟ್, ಸೆನ್ಸರಿನ ಅರ್ಥ್, ಮತ್ತು ಸಂಕೇತ. ಇಲ್ಲಿ ಟೆಸ್ಟ್ ಲ್ಯಾಂಪ್ ಬಳಸಲೇಬಾರದು, ಮೀಟರ್ ಮಾತ್ರ.

ಕನೆಕ್ಟರ್ ಬಿಡಿಸಿ 5 ವೋಲ್ಟ್ ಮತ್ತು ಅರ್ಥ್ ಪಿನ್‌ಗಳ ನಡುವೆ ಅಳೆಯಿರಿ. 5 ವೋಲ್ಟ್ ಇಲ್ಲದಿದ್ದರೆ, ಅದೇ ಸಾಲನ್ನು ಹಂಚಿಕೊಂಡ ಬೇರೆ ಸೆನ್ಸರ್‌ಗಳನ್ನು ನಕ್ಷೆ ನೋಡಿ ಒಂದೊಂದಾಗಿ ಬಿಡಿಸಿ. ಯಾವುದನ್ನು ಬಿಡಿಸಿದಾಗ 5 ವೋಲ್ಟ್ ಮರಳುತ್ತದೆಯೋ ಅದೇ ಅಪರಾಧಿ. 5 ವೋಲ್ಟ್ ಇದ್ದರೆ ಸ್ಕ್ಯಾನರಿನಲ್ಲಿ ಸೆನ್ಸರಿನ ವೋಲ್ಟೇಜ್ ನೋಡುತ್ತ, 5 ವೋಲ್ಟ್ ಪಿನ್ ಮತ್ತು ಸಂಕೇತದ ಪಿನ್ನನ್ನು ಸಣ್ಣ ಜಂಪರ್‌ನಿಂದ ಜೋಡಿಸಿ. ಜಂಪರನ್ನು ಹಾಕುವುದೂ ತೆಗೆಯುವುದೂ ಕೀ ಆಫ್ ಇದ್ದಾಗಲೇ ಇರಲಿ. ಸ್ಕ್ಯಾನರ್ 5ರ ಆಸುಪಾಸಿಗೆ ಏರಿದರೆ ತಂತಿ ಮತ್ತು ಇಸಿಎಂ ಸರಿಯಿವೆ, ಸೆನ್ಸರ್ ಕೆಟ್ಟಿದೆ. ಏರದಿದ್ದರೆ ಸಂಕೇತದ ತಂತಿಯಲ್ಲಿ ಅಥವಾ ಇಸಿಎಂನಲ್ಲಿ ದೋಷವಿದೆ. ಸೆನ್ಸರ್ ಜೋಡಿಸಿ ಟ್ಯಾಂಕಿನ ಮುಚ್ಚಳ ತೆಗೆದಾಗ ಸ್ಕ್ಯಾನರಿನಲ್ಲಿ ಒತ್ತಡ ಸೊನ್ನೆಯ ಹತ್ತಿರ ಬರಬೇಕು. ಬಾರದಿದ್ದರೆ ಸೆನ್ಸರಿನ ಅರ್ಥ್ ತಂತಿಯ ಪ್ರತಿರೋಧವನ್ನೂ ಒಮ್ಮೆ ನೋಡಿ.

## ಹಂತ 9: ಬಂದು ಹೋಗುವ ದೋಷ

ಎಲ್ಲ ಅಳತೆಯೂ ಸರಿಯಿದ್ದು ವಾರಕ್ಕೊಮ್ಮೆ ದೀಪ ಹೊತ್ತಿಕೊಳ್ಳುವ ಕಾರುಗಳೇ ನಿಜವಾದ ಪರೀಕ್ಷೆ. ಹಂತ 1ರಲ್ಲಿ ಬರೆದಿಟ್ಟ ಫ್ರೀಜ್ ಫ್ರೇಮನ್ನು ಈಗ ತೆಗೆಯಿರಿ. ಕೂಲೆಂಟ್ ಪೂರ್ತಿ ಬಿಸಿಯಾಗಿದ್ದಾಗ ಮಾತ್ರ ಕೋಡ್ ಬಂದಿದ್ದರೆ, ತಣ್ಣಗಿರುವಾಗ ಸರಿಯಾಗಿರುವ ಕಾಯಿಲ್ ಬಿಸಿಯಲ್ಲಿ ಬಿಟ್ಟುಕೊಳ್ಳುತ್ತಿರಬಹುದು. ಪರ್ಜ್ ವಾಲ್ವನ್ನು ಕಾರಿನಿಂದ ಬಿಚ್ಚಿ ಆವಿಯಿಂದ ದೂರ ಒಯ್ದು, ಓಮ್ ಮೀಟರಿಗೆ ಜೋಡಿಸಿ, ಕೂದಲು ಒಣಗಿಸುವ ಡ್ರೈಯರಿನಿಂದ ನಿಧಾನವಾಗಿ ಬಿಸಿ ಮಾಡಿ. ತಾಮ್ರದ ಪ್ರತಿರೋಧ ಬಿಸಿಯಾದಂತೆ ಸ್ವಲ್ಪ ಏರುವುದು ಸಹಜ. ಅಂಕಿ ಹಠಾತ್ತಾಗಿ ಅನಂತಕ್ಕೆ ಹಾರಿದರೆ ಅದು ಸಹಜವಲ್ಲ.

ಮಳೆಯಲ್ಲಿ ಅಥವಾ ಕಾರು ತೊಳೆದ ಮೇಲೆ ಬರುವ ದೋಷ ವೆಂಟ್ ಕಡೆಯ ಕನೆಕ್ಟರಿಗೆ ಬೊಟ್ಟು ಮಾಡುತ್ತದೆ. ಉಬ್ಬುತಗ್ಗಿನಲ್ಲಿ ಬರುವುದಾದರೆ ವಾಲ್ವ್ ಜೋಡಿಸಿಯೇ ಇಟ್ಟು, ಮೀಟರನ್ನು ಕನಿಷ್ಠ ಮತ್ತು ಗರಿಷ್ಠ ದಾಖಲಿಸುವ ಸ್ಥಿತಿಗೆ ತಂದು ನಿಯಂತ್ರಣ ತಂತಿಗೆ ಹಾಕಿ, ಕಟ್ಟನ್ನು ಸ್ವಲ್ಪ ಸ್ವಲ್ಪವೇ ಬಗ್ಗಿಸಿ, ಎಳೆದು, ತಟ್ಟಿ ನೋಡಿ. ಇಡೀ ಕಟ್ಟನ್ನು ಒಮ್ಮೆಗೇ ಜಗ್ಗಿದರೆ ದೋಷ ತಾತ್ಕಾಲಿಕವಾಗಿ ಸರಿಹೋಗಿ ನಿಮ್ಮನ್ನು ಮತ್ತೆ ಮೊದಲಿನ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಕನೆಕ್ಟರ್ ಬಿಡಿಸಿ ಮತ್ತೆ ಹಾಕಿದ ಕೂಡಲೇ ಕೋಡ್ ಮಾಯವಾದರೆ ಸಂತೋಷಪಡಬೇಡಿ, ಪಿನ್ನಿನ ಹಿಡಿತವನ್ನು ಪರೀಕ್ಷಿಸಿ.

## ಹಂತ 10: ದುರಸ್ತಿ ಮತ್ತು ಖಚಿತಪಡಿಸಿಕೊಳ್ಳುವುದು

ತುಂಡಾದ ತಂತಿಯನ್ನು ತಿರುಚಿ ಟೇಪ್ ಸುತ್ತುವುದು ದುರಸ್ತಿಯಲ್ಲ. ಅಳತೆಗೆ ತಕ್ಕ ಕ್ರಿಂಪ್ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ತೋಳಿನಿಂದ ಮುಚ್ಚಿ. ಎಂಜಿನ್ ಕಡೆ ಬೆಸುಗೆ ಹಾಕಬಹುದು, ಆದರೆ ಆ ಜಾಗ ಬಾಗದಂತೆ ಕಟ್ಟನ್ನು ಬಿಗಿಯಬೇಕು. ಟ್ಯಾಂಕಿನ ಹತ್ತಿರವಾದರೆ ಬರೀ ಕ್ರಿಂಪ್. ತೋಳನ್ನು ಕುಗ್ಗಿಸಲು ಅಲ್ಲಿ ಬೆಂಕಿಯಾಗಲಿ ಹೀಟ್ ಗನ್ ಆಗಲಿ ಬೇಡ, ತಂತಿಯನ್ನು ದೂರಕ್ಕೆ ಎಳೆದುಕೊಳ್ಳಲಾಗದಿದ್ದರೆ ಆ ತುಂಡನ್ನು ಹೊರಗೆ ತಯಾರಿಸಿ ತಂದು ಜೋಡಿಸಿ. ಉಜ್ಜಿದ್ದರಿಂದ ದೋಷ ಬಂದಿದ್ದರೆ ಉಜ್ಜುವ ಅಂಚನ್ನೂ ಮುಚ್ಚಿ.

ಈಗ ಕೋಡ್ ಅಳಿಸಿ. ಸರ್ಕ್ಯೂಟ್ ದೋಷವನ್ನು ಇಸಿಎಂ ಎಂಜಿನ್ ಓಡುವಷ್ಟು ಹೊತ್ತೂ ಗಮನಿಸುತ್ತಿರುವುದರಿಂದ ದೋಷ ಉಳಿದಿದ್ದರೆ ಕೋಡ್ ಸಾಮಾನ್ಯವಾಗಿ ಬೇಗನೆ ಮರಳುತ್ತದೆ. ಸ್ಕ್ಯಾನರ್‌ನಿಂದ ಪರ್ಜ್ ವಾಲ್ವಿಗೆ ಆಜ್ಞೆ ಕೊಟ್ಟು ಟಕ್ ಟಕ್ ಸದ್ದು ಕೇಳಿ, ಇನ್ನೂ ದೃಢಪಡದ ಬಾಕಿ ಕೋಡ್‌ಗಳ ಪಟ್ಟಿ ಖಾಲಿಯಿದೆಯೇ ನೋಡಿ. ಬಂದು ಹೋಗುವ ದೋಷವಾಗಿದ್ದರೆ ಫ್ರೀಜ್ ಫ್ರೇಮ್‌ನಲ್ಲಿದ್ದ ಸ್ಥಿತಿಗೇ ಕಾರನ್ನು ತಂದು, ಅಷ್ಟೇ ಬಿಸಿ, ಅಂಥದೇ ವೇಗದಲ್ಲಿ ಓಡಿಸಿ ನೋಡಿದ ಮೇಲಷ್ಟೇ ಕೆಲಸ ಮುಗಿದಂತೆ.

ಕೋಡ್ ಅಳಿಸಿದಾಗ ಸೋರಿಕೆಯ ಸ್ವಯಂಪರೀಕ್ಷೆಯ ದಾಖಲೆಯೂ ಅಳಿಸುತ್ತದೆ. ಅದು ಮತ್ತೆ ನಡೆಯಬೇಕಾದರೆ ಅನೇಕ ಕಾರುಗಳಲ್ಲಿ ಟ್ಯಾಂಕ್ ಪೂರ್ತಿ ತುಂಬಿರಬಾರದು, ತೀರ ಖಾಲಿಯೂ ಇರಬಾರದು, ಎಂಜಿನ್ ಹಲವು ಗಂಟೆ ತಣಿದ ಮೇಲೆ ಸ್ಟಾರ್ಟ್ ಆಗಬೇಕು. ಅದಕ್ಕೆ ಕೆಲವು ದಿನ ಹಿಡಿಯುವುದುಂಟು. ಆ ಪರೀಕ್ಷೆ ಮುಗಿದಾಗ ಪಿ0442 ಅಥವಾ ಪಿ0455 ಬಂದರೆ ನಿಮ್ಮ ದುರಸ್ತಿ ವಿಫಲವಾಯಿತೆಂದು ತಂತಿಯನ್ನು ಮತ್ತೆ ಬಿಚ್ಚಬೇಡಿ. ಸರ್ಕ್ಯೂಟ್ ಕೋಡ್ ಇದ್ದಷ್ಟು ಕಾಲ ಇಸಿಎಂ ಸೋರಿಕೆ ಪರೀಕ್ಷೆಯನ್ನೇ ಸಾಮಾನ್ಯವಾಗಿ ತಡೆಹಿಡಿದಿರುತ್ತದೆ. ಮೊದಲಿನಿಂದಲೂ ಇದ್ದ ಸೋರಿಕೆ ಈಗ ಕಣ್ಣಿಗೆ ಬಿದ್ದಿದೆ. ಹೊಗೆ ಯಂತ್ರವನ್ನು ಈಗ ತರಬಹುದು.